ರೇಡಿಯೋ ಕೇಳುಗರ ನೆನಪು ಉಳಿಸುವುದು ಹೇಗೆ? ಮುಂಬಯಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿಯಲ್ಲಿ ದಶಕಗಳಿಂದ ಆಸೆಪಟ್ಟು ರೇಡಿಯೋ ಕೇಳಿಕೊಂಡು ಬಂದ ಕನ್ನಡಿಗರ ಮಾತನ್ನು ನಾವು ಕೆಲವು ಗೆಳೆಯರು ಸೇರಿ ರೆಕಾರ್ಡ್ ಮಾಡುತ್ತಿದ್ದೇವೆ. ಡೊಂಬಿವಲಿ, ಠಾಣೆ, ಮಾಟುಂಗ, ಬೊರಿವಲಿ ಕಡೆ ಓಡಾಟ ಜಾಸ್ತಿ. ಹೋದ ಮನೆಗಳಲ್ಲಿ ಹಿರಿಯರು, ಅವರ ಮಕ್ಕಳು, ಸೊಸೆಯಂದಿರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ನಿಮ್ಮ ಮನೆಯ ಹಿರಿಯರ ಮಾತನ್ನು ನೀವೇ ದಾಖಲಿಸಲು ಕೂತರೂ ಈ ಉತ್ತರಗಳು ಉಪಯೋಗಕ್ಕೆ ಬಂದಾವು.

ರೇಡಿಯೋ ಎಲ್ಲರೂ ಕೇಳುತ್ತಿದ್ದರು. ಅದು ಹವ್ಯಾಸ ಹೇಗಾಗುತ್ತದೆ?

ಹಾಡಿಗೋ ವಾರ್ತೆಗೋ ರೇಡಿಯೋ ಹಾಕಿದವರು ಲಕ್ಷಾಂತರ ಜನ. ಅವರ ನಡುವೆಯೇ ಇನ್ನೊಂದು ಜಾತಿಯ ಕೇಳುಗರಿದ್ದರು. ದೂರದ ಸ್ಟೇಷನ್ ಹುಡುಕುವುದೇ ಇವರಿಗೆ ಖುಷಿ. ದೂರ ದೂರದ ದೇಶಗಳಿಗೆ ತಲುಪುವ ರೇಡಿಯೋ ಅಲೆ ಶಾರ್ಟ್‌ವೇವ್. ಅದರ 31 ಮೀಟರ್, 25 ಮೀಟರ್ ಬ್ಯಾಂಡಿನಲ್ಲಿ ಮುಳ್ಳನ್ನು ಕೂದಲೆಳೆಯಷ್ಟು ಸರಿಸುತ್ತಾ ಮಾಸ್ಕೋ, ಟೋಕಿಯೋ, ನೆದರ್ಲೆಂಡ್ಸಿನ ಹಿಲ್ವರ್ಸಮ್, ಕೊಲೊಂಬೊ ಹಿಡಿಯುತ್ತಿದ್ದರು. ಕೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಸ್ಟೇಷನ್ನಿಗೆ ವರದಿ ಕಳಿಸುತ್ತಿದ್ದರು. ವರದಿ ಸರಿಯಿದ್ದರೆ ಅಲ್ಲಿಂದ ಒಪ್ಪಿಗೆಯ ಕಾರ್ಡ್ ಬರುತ್ತಿತ್ತು. ಅದೇ ಕ್ಯೂಎಸ್ಎಲ್ ಕಾರ್ಡ್. ಈ ಹವ್ಯಾಸಕ್ಕೆ ಡಿಎಕ್ಸಿಂಗ್ ಅಂತ ಹೆಸರು.

ಆದರೆ ನಾವು ಕಾರ್ಡ್ ಇದ್ದವರನ್ನು ಮಾತ್ರ ಹುಡುಕುತ್ತಿಲ್ಲ. ವರ್ಷಗಟ್ಟಲೆ ಬಿಡದೆ, ಗಮನ ಕೊಟ್ಟು ಕೇಳಿದ ಯಾರೇ ಆದರೂ ಸರಿ.

ಸ್ಟೇಷನ್‌ಗಳ ಹತ್ತಿರ ದಾಖಲೆ ಇರುತ್ತದಲ್ಲ? ಕೇಳುಗರ ಮಾತು ಯಾಕೆ ಬೇಕು?

ಸ್ಟೇಷನ್ನಿನವರ ಹತ್ತಿರ ಇರುವುದು ಅವರು ಏನು ಹೇಳಿದರು ಅನ್ನುವುದರ ದಾಖಲೆ. ಆ ಮಾತು ಮುಂಬಯಿ ಲಾಲ್‌ಬಾಗಿನ ಒಂದು ಚಾಳಿನಲ್ಲಿ, ಅಂದರೆ ಸಾಲು ಖೋಲಿಗಳ ವಠಾರದಲ್ಲಿ, ಯಾರ ಕಿವಿಗೆ ಬಿತ್ತು, ಎಷ್ಟು ಕೇಳಿಸಿತು, ಆಗ ಮನೆಯಲ್ಲಿ ಏನು ನಡೆಯುತ್ತಿತ್ತು ಅನ್ನುವುದು ಯಾವ ಕಡತದಲ್ಲೂ ಇಲ್ಲ. ಅದು ಇರುವುದು ಕೇಳಿದವರ ತಲೆಯಲ್ಲಿ ಮಾತ್ರ.

1984ರ ಅಕ್ಟೋಬರ್ 31 ನೆನಪು ಮಾಡಿಕೊಳ್ಳಿ. ಇಂದಿರಾ ಗಾಂಧಿಯವರ ಮೇಲೆ ಗುಂಡು ಹಾರಿದ್ದು ಬೆಳಿಗ್ಗೆ. ಅವರು ತೀರಿಕೊಂಡರು ಅಂತ ಆಕಾಶವಾಣಿ ಹೇಳಿದ್ದು ಸಂಜೆ. ಬಿಬಿಸಿ ಅದಕ್ಕಿಂತ ಗಂಟೆಗಟ್ಟಲೆ ಮೊದಲೇ ಹೇಳಿತ್ತು. ಇಷ್ಟು ಪುಸ್ತಕದಲ್ಲಿ ಸಿಗುತ್ತದೆ. ಬಿಬಿಸಿ ಕೇಳಿದ ಒಬ್ಬರು ಅದನ್ನು ಪಕ್ಕದ ಖೋಲಿಯವರಿಗೆ ಹೇಳಿದರೋ, ಹೆದರಿ ಸುಮ್ಮನಿದ್ದರೋ? ಶಾಲೆಯಿಂದ ಮಕ್ಕಳನ್ನು ಕರೆತರಲು ಓಡಿದರೋ? ಇದು ಪುಸ್ತಕದಲ್ಲಿ ಸಿಗುವುದಿಲ್ಲ. ಕೇಳುಗರನ್ನು ಕೇಳಿದರೆ ಸಿಗುತ್ತದೆ.

1942ರಲ್ಲಿ ಇದೇ ಮುಂಬಯಿಯಿಂದ ಸ್ವಾತಂತ್ರ್ಯ ಹೋರಾಟಗಾರ್ತಿ ಉಷಾ ಮೆಹ್ತಾ ಮತ್ತು ಜೊತೆಗಾರರು ಬ್ರಿಟಿಷರ ಕಣ್ಣು ತಪ್ಪಿಸಿ 42.34 ಮೀಟರಿನಲ್ಲಿ ಕಾಂಗ್ರೆಸ್ ರೇಡಿಯೋ ನಡೆಸಿದರು. ನವೆಂಬರಿನಲ್ಲಿ ಪೊಲೀಸರು ಹಿಡಿದರು. ಆ ಕಥೆಯ ಎಷ್ಟೋ ವಿವರ ಇಂದು ನಮಗೆ ಗೊತ್ತಿರುವುದು ಮುಂದೆ ಅವರನ್ನು ಕೂರಿಸಿಕೊಂಡು ಯಾರೋ ಪ್ರಶ್ನೆ ಕೇಳಿದ್ದರಿಂದ. ಆದರೆ ಕದ್ದುಮುಚ್ಚಿ ಆ ರೇಡಿಯೋ ಕೇಳಿದ ಸಾಮಾನ್ಯ ಜನರ ಮಾತು ಎಷ್ಟು ಉಳಿದಿದೆ? ತೀರಾ ಕಡಿಮೆ. ಆ ಪೀಳಿಗೆ ಈಗ ಇಲ್ಲ. ಶಾರ್ಟ್‌ವೇವ್ ಕೇಳಿದ ಪೀಳಿಗೆ ಇನ್ನೂ ಇದೆ, ಎಂಬತ್ತರ ಆಸುಪಾಸಿನಲ್ಲಿದೆ.

ಮುಂಬಯಿ ಕನ್ನಡಿಗರೇ ಯಾಕೆ? ಅವರ ಕಥೆಯಲ್ಲಿ ಏನು ಬೇರೆ ಇದೆ?

ಊರು ಬಿಟ್ಟು ಬಂದವರಿಗೆ ರೇಡಿಯೋ ಬೇರೆಯೇ ಆಗಿತ್ತು. ಹೋಟೆಲಿನಲ್ಲಿ ಕೆಲಸ ಮಾಡುತ್ತಾ ರಾತ್ರಿ ಶಾಲೆಯಲ್ಲಿ ಓದಿದ ಹುಡುಗರನ್ನು ನೋಡಿ. ಹಗಲೆಲ್ಲ ಗಲ್ಲಾದ ಮೇಲಿನ ರೇಡಿಯೋದಲ್ಲಿ ಸಾಹುಕಾರರು ಹಾಕಿದ್ದನ್ನೇ ಕೇಳಬೇಕು. ಶಟರ್ ಎಳೆದು, ನೆಲ ತೊಳೆದು, ಮೇಜಿನ ಮೇಲೆ ಚಾಪೆ ಹಾಸಿದ ಮೇಲೆ ಅದು ಹುಡುಗರದ್ದು. ಆಗ ಸಣ್ಣ ದನಿಯಲ್ಲಿ ಆಕಾಶವಾಣಿ ಧಾರವಾಡ ಹಿಡಿಯುತ್ತಿದ್ದರು.

ರಾತ್ರಿಯೇ ಯಾಕೆ ಅಂದರೆ ಅದಕ್ಕೂ ಕಾರಣವಿದೆ. ಹಗಲಿನಲ್ಲಿ ಆಕಾಶದ ಮೇಲಿನ ಒಂದು ಪದರ ಧಾರವಾಡದಂಥ ನಿಲಯಗಳು ಬಳಸುವ ಮೀಡಿಯಂ ವೇವ್ ಅಲೆಗಳನ್ನು ಹೀರಿಕೊಳ್ಳುತ್ತದೆ. ಹೊತ್ತು ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ಅಲೆಗಳು ಇನ್ನೂ ಎತ್ತರದ ಪದರಕ್ಕೆ ಬಡಿದು ನೂರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಹಗಲು ಮುಂಬಯಿಯಲ್ಲಿ ಹೆಸರಿಗೂ ಸಿಗದ ಧಾರವಾಡ ರಾತ್ರಿ ಊಟದ ಹೊತ್ತಿಗೆ ಏರುತ್ತಾ ಇಳಿಯುತ್ತಾ ಬರುತ್ತಿತ್ತು. ಧಾರವಾಡ ನಿಲಯ 1950ರಲ್ಲಿ ಶುರುವಾಯಿತು, ಮಂಗಳೂರು 1976ರಲ್ಲಿ. ಕರಾವಳಿಯ ಹಿರಿಯರನ್ನು ಕೇಳಿದರೆ ಮಂಗಳೂರು ಮೊದಲ ಸಲ ಸಿಕ್ಕ ರಾತ್ರಿಯನ್ನು ಮದುವೆಯ ದಿನದಷ್ಟೇ ಚೆನ್ನಾಗಿ ಹೇಳುತ್ತಾರೆ.

ಸಿಲೋನ್ ಕಥೆ ಬೇರೆ. 1952ರಲ್ಲಿ ಆಕಾಶವಾಣಿ ಸಿನಿಮಾ ಹಾಡು ಕಡಿಮೆ ಮಾಡಿದಾಗ ಜನ ಶ್ರೀಲಂಕಾದ ರೇಡಿಯೋ ಸಿಲೋನ್ ಕಡೆ ತಿರುಗಿದರು. ಅಮೀನ್ ಸಯಾನಿಯವರು ನಡೆಸಿಕೊಡುತ್ತಿದ್ದ ಬುಧವಾರದ ಹಿಂದಿ ಸಿನಿಮಾ ಹಾಡಿನ ಕಾರ್ಯಕ್ರಮ ಬಿನಾಕಾ ಗೀತಮಾಲಾ ರೆಕಾರ್ಡ್ ಆಗುತ್ತಿದ್ದದ್ದು ಇದೇ ಮುಂಬಯಿಯಲ್ಲಿ. ಟೇಪ್ ಕೊಲೊಂಬೊಗೆ ಹೋಗಿ, ಅಲ್ಲಿಂದ ಶಾರ್ಟ್‌ವೇವ್‌ನಲ್ಲಿ ಮುಂಬಯಿಗೇ ವಾಪಸ್ ಬರುತ್ತಿತ್ತು. ಹಿಂದಿ ಬಾರದ ಎಷ್ಟೋ ಹುಡುಗರು ಮುಂಬಯಿಗೆ ಬಂದ ಹೊಸದರಲ್ಲಿ ಹಿಂದಿ ಕಲಿತದ್ದು ಆ ಬುಧವಾರದ ರಾತ್ರಿಗಳಲ್ಲಿ. ಈ ಮಾತು ನಮಗೆ ಮತ್ತೆ ಮತ್ತೆ ಸಿಕ್ಕಿದೆ.

"ನಂದೇನು ಕಥೆ, ಸುಮ್ನೆ ಕೇಳ್ತಾ ಇದ್ದೆ" ಅಂತಾರೆ. ಮಾತಾಡಿಸುವುದು ಹೇಗೆ?

ಇದನ್ನು ಎಲ್ಲರೂ ಹೇಳುತ್ತಾರೆ. "ನಿಮ್ಮ ಕಥೆ ಹೇಳಿ" ಅಂದರೆ ಯಾರಿಗೂ ಬಾಯಿ ಬರುವುದಿಲ್ಲ. ರೇಡಿಯೋ ಎಲ್ಲಿ ಇಟ್ಟಿದ್ದಿರಿ ಅಂತ ಕೇಳಿ. ಕಪಾಟಿನ ಮೇಲಾ, ಕಿಟಕಿ ಹತ್ತಿರವಾ? ಬಟ್ಟೆ ಹೊದಿಸುತ್ತಿದ್ದರಾ? ಏರಿಯಲ್ ತಂತಿ ಎಲ್ಲಿಂದ ಎಲ್ಲಿಗೆ ಕಟ್ಟಿದ್ದಿರಿ? ತಂತಿಯ ವಿಷಯ ಬಂದರೆ ಚಾಳಿನ ಗ್ಯಾಲರಿ, ನೀರಿನ ಟಾಕಿ, ಜಗಳ ಆಡಿದ ಪಕ್ಕದ ಮನೆಯವರು, ಎಲ್ಲ ತಾನಾಗಿ ಬರುತ್ತದೆ.

ಏನೇನು ಕೇಳಬೇಕು?

ಪ್ರಶ್ನೆಗಳ ಪಟ್ಟಿ ಹಿಡಿದು ಕೂರಬೇಡಿ, ಪರೀಕ್ಷೆ ಥರ ಆಗುತ್ತದೆ. ಕೆಲವು ವಿಷಯ ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು.

ಮೊದಲ ಸೆಟ್ ಹೇಗೆ ಬಂತು? ಠಾಣೆಯಲ್ಲಿ ಮರ್ಫಿ ರೇಡಿಯೋ ಕಾರ್ಖಾನೆ ಇತ್ತು. ಅಲ್ಲಿ ದುಡಿದವರ ಮೂಲಕ ಸೆಟ್ ಕೊಂಡವರು ಸಿಗಬಹುದು. ಸಾಲ ಮಾಡಿದರಾ, ಚೀಟಿ ಎತ್ತಿದರಾ, ಯಾರ ಸಂಬಳದಿಂದ? ಲೈಸೆನ್ಸ್ ಬಗ್ಗೆ ತಪ್ಪದೇ ಕೇಳಿ. 1980ರ ದಶಕದವರೆಗೆ ರೇಡಿಯೋ ಇಡಲು ಪೋಸ್ಟ್ ಆಫೀಸಿನಲ್ಲಿ ವರ್ಷ ವರ್ಷ ಹಣ ಕಟ್ಟಬೇಕಿತ್ತು. ಆ ಪುಸ್ತಕ ಯಾರ ಹೆಸರಿನಲ್ಲಿತ್ತು? ತನಿಖೆಗೆ ಬಂದಾಗ ಸೆಟ್ ಮುಚ್ಚಿಟ್ಟಿದ್ದು ಉಂಟಾ?

ಬೇರೆ ದೇಶದ ಸ್ಟೇಷನ್‌ಗೆ ಪತ್ರ ಬರೆದವರಾದರೆ ಇಂಗ್ಲಿಷ್ ಯಾರು ತಿದ್ದಿಕೊಡುತ್ತಿದ್ದರು ಅಂತ ಕೇಳಿ. ಅಂಚೆಗೆ ಎಷ್ಟಾಗುತ್ತಿತ್ತು? ಸಣ್ಣ ಸ್ಟೇಷನ್ನಿಗೆ ಬರೆಯುವಾಗ ಉತ್ತರದ ಅಂಚೆ ಖರ್ಚಿಗೆ ಅಂತ ಇಂಟರ್‌ನ್ಯಾಷನಲ್ ರಿಪ್ಲೈ ಕೂಪನ್ ಇಡಬೇಕಿತ್ತು. ಅದಕ್ಕಾಗಿ ವಿ.ಟಿ. (ವಿಕ್ಟೋರಿಯಾ ಟರ್ಮಿನಸ್) ರೈಲು ನಿಲ್ದಾಣದ ಹತ್ತಿರದ ದೊಡ್ಡ ಪೋಸ್ಟ್ ಆಫೀಸಿಗೆ ಹೋದದ್ದು, ಕೌಂಟರಿನವರಿಗೇ ಅದೇನೆಂದು ಹೇಳಿಕೊಟ್ಟದ್ದು, ಇಂಥದ್ದೆಲ್ಲ ಬಹಳ ಬೆಲೆಬಾಳುವ ವಿವರ.

ಇನ್ನೊಂದು ಮಾತು, ಇದನ್ನು ನಾನು ಒತ್ತಿ ಹೇಳುತ್ತೇನೆ. ಮನೆಯ ಹೆಂಗಸರನ್ನು ಬೇರೆ ಕೂರಿಸಿ ಮಾತಾಡಿಸಿ. ಲೈಸೆನ್ಸ್, ಕಾರ್ಡ್, ನೋಟ್‌ಬುಕ್ ಎಲ್ಲ ಗಂಡಸರ ಹೆಸರಿನಲ್ಲಿ ಇರುತ್ತದೆ. ಮಧ್ಯಾಹ್ನ ಎರಡು ಗಂಟೆಗೆ, ಗಂಡಸರು ಲೋಕಲ್ ಹತ್ತಿ ಹೋದ ಮೇಲೆ, ರೇಡಿಯೋ ಕೇಳಿದವರು ಯಾರು? ಅಮ್ಮ, ಅತ್ತೆ, ಅಜ್ಜಿ. ರಾತ್ರಿಯೆಲ್ಲ ಗೊರಗೊರ ಸದ್ದಿನಲ್ಲಿ ಮಗುವನ್ನು ಮಲಗಿಸಿದವರೂ ಅವರೇ. ಅವರ ಹತ್ತಿರ ಪೂರಾ ಬೇರೆ ಕಥೆ ಇರುತ್ತದೆ.

ರೆಕಾರ್ಡ್ ಮಾಡಲು ಏನು ಬೇಕು?

ಫೋನ್ ಸಾಕು. ಏರೋಪ್ಲೇನ್ ಮೋಡಿಗೆ ಹಾಕಿ, ಮಾತಾಡುವವರಿಂದ ಒಂದು ಮೊಳ ದೂರದಲ್ಲಿ ಮಡಚಿದ ಟವೆಲ್ ಮೇಲಿಡಿ. ಆ್ಯಪಿನಲ್ಲಿ ವೇವ್ (WAV) ಫೈಲ್ ಫಾರ್ಮ್ಯಾಟ್ ಇದ್ದರೆ ಅದನ್ನೇ ಆರಿಸಿ. ಮುಂಬಯಿಯಲ್ಲಿ ಫ್ಯಾನ್ ನಿಲ್ಲಿಸಿ ಕೂರುವುದು ಕಷ್ಟ, ಹಾಗಾಗಿ ಬೆಳಿಗ್ಗೆ ಹೊತ್ತು ಆರಿಸಿ. ಕುಕ್ಕರ್ ಕೂಗುವ ಹೊತ್ತು ಬೇಡ. ಶುರುವಿಗೆ ತಾರೀಖು, ಜಾಗ, ಇಬ್ಬರ ಹೆಸರು ಬಾಯಲ್ಲೇ ಹೇಳಿ. ಮುಕ್ಕಾಲು ಗಂಟೆ ಆದ ಮೇಲೆ ನಿಲ್ಲಿಸಿ, ಹಿರಿಯರಿಗೆ ಸುಸ್ತಾಗುತ್ತದೆ.

ಸೆಟ್ ಇನ್ನೂ ಕೆಲಸ ಮಾಡುತ್ತಿದ್ದರೆ ಕೊನೆಗೆ ಅವರ ಕೈಗೆ ಕೊಡಿ, ರೆಕಾರ್ಡಿಂಗ್ ನಡೆಯುತ್ತಿರಲಿ. ತಿರುಪು ತಿರುಗಿಸುತ್ತಾ ತಿರುಗಿಸುತ್ತಾ "ಇಲ್ಲಿ ಕುವೈತ್ ಇತ್ತು, ಅದರ ಪಕ್ಕಕ್ಕೇ…" ಅಂತ ತಾವಾಗಿ ಶುರುಮಾಡುತ್ತಾರೆ. ಬಾಯಿಗೆ ಬಾರದ್ದು ಕೈಗೆ ನೆನಪಿರುತ್ತದೆ.

ಯಾವ ಭಾಷೆಯಲ್ಲಿ ಮಾತಾಡಿಸಬೇಕು?

ಅವರು ಮನೆಯಲ್ಲಿ ಆಡುವ ಭಾಷೆಯಲ್ಲಿ. ಧಾರವಾಡದ ಕನ್ನಡ, ಕುಂದಾಪುರದ ಕನ್ನಡ, ತುಳು, ಕೊಂಕಣಿ, ನಡುನಡುವೆ ಮರಾಠಿ, ಹಿಂದಿ. ಯಾವುದನ್ನೂ ತಿದ್ದಬೇಡಿ. ಮೈಕ್ ಕಂಡ ಕೂಡಲೇ ಕೆಲವರು ವಾರ್ತೆ ಓದುವವರ ಹಾಗೆ ಪುಸ್ತಕದ ಕನ್ನಡ ಶುರು ಮಾಡುತ್ತಾರೆ. ಹತ್ತು ನಿಮಿಷ ಬಿಡಿ, ಸರಿಹೋಗುತ್ತದೆ. ಬರವಣಿಗೆಗೆ ಇಳಿಸುವಾಗಲೂ ಆಡಿದಂತೆಯೇ ಬರೆಯಿರಿ.

ವರ್ಷ, ಸಮಯ ತಪ್ಪು ಹೇಳಿದರೆ ಏನು ಮಾಡುವುದು?

ಅವರ ಮಾತನ್ನು ಕತ್ತರಿಸಬೇಡಿ, ಎದುರಿಗೇ ತಿದ್ದಲೂ ಬೇಡಿ. ಆಮೇಲೆ ತಾಳೆ ನೋಡಿ ಪಕ್ಕದಲ್ಲಿ ಟಿಪ್ಪಣಿ ಬರೆಯಿರಿ. ಎಷ್ಟೋ ಸಲ ತಪ್ಪು ಅಂದುಕೊಂಡದ್ದು ಸರಿ ಇರುತ್ತದೆ.

ಚಂದ್ರನ ಮೇಲೆ ಮನುಷ್ಯ ಇಳಿದದ್ದನ್ನು ವಾಯ್ಸ್ ಆಫ್ ಅಮೆರಿಕಾದಲ್ಲಿ ಕೇಳಿದೆ ಅನ್ನುವವರಿದ್ದಾರೆ. ಒಬ್ಬರು ನಡುರಾತ್ರಿ ಅನ್ನುತ್ತಾರೆ, ಇನ್ನೊಬ್ಬರು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಹೊತ್ತು ಅನ್ನುತ್ತಾರೆ. ಇಬ್ಬರೂ ಸರಿಯೇ. ನೌಕೆ ಇಳಿದಾಗ ನಮ್ಮ ಸಮಯ 1969ರ ಜುಲೈ 21ರ ರಾತ್ರಿ 1 ಗಂಟೆ 47 ನಿಮಿಷ. ಆರ್ಮ್‌ಸ್ಟ್ರಾಂಗ್ ಕಾಲಿಟ್ಟಾಗ ಬೆಳಿಗ್ಗೆ 8 ಗಂಟೆ 26 ನಿಮಿಷ.

ಮೀಡಿಯಂ ವೇವ್ ಫ್ರೀಕ್ವೆನ್ಸಿ ಹೇಳಿದರೆ ವರ್ಷ ಅಂದಾಜು ಮಾಡಲು ಒಂದು ಉಪಾಯವಿದೆ. 1978ರ ನವೆಂಬರಿನಲ್ಲಿ ಏಷ್ಯಾ, ಯುರೋಪ್, ಆಫ್ರಿಕಾದ ಸ್ಟೇಷನ್‌ಗಳು ಹೊಸ ಒಪ್ಪಂದದಂತೆ ಒಂಬತ್ತರ ಮಗ್ಗಿಗೆ ಬಂದವು. ಕಿಲೋಹರ್ಟ್ಸ್ ಲೆಕ್ಕದಲ್ಲಿ ಧಾರವಾಡ 765, ಬೆಂಗಳೂರು 612, ಮಂಗಳೂರು 1089, ಮುಂಬಯಿ 1044, ಪುಣೆ 792. ಯಾವುದನ್ನು ಬೇಕಾದರೂ ಒಂಬತ್ತರಿಂದ ಭಾಗಿಸಿ ನೋಡಿ. ಹಿರಿಯರು ಒಂಬತ್ತಕ್ಕೆ ಹೊಂದದ ಸಂಖ್ಯೆಯನ್ನು ಗಟ್ಟಿಯಾಗಿ ಹೇಳುತ್ತಿದ್ದರೆ ಅದು 1978ಕ್ಕಿಂತ ಹಿಂದಿನ ನೆನಪು ಇರಬಹುದು. ಕೆಲವರು ಮೀಟರಿನಲ್ಲೇ ಹೇಳುತ್ತಾರೆ. ಮೂರು ಲಕ್ಷವನ್ನು ಮೀಟರಿನಿಂದ ಭಾಗಿಸಿದರೆ ಕಿಲೋಹರ್ಟ್ಸ್ ಸಿಗುತ್ತದೆ.

ಕ್ಯೂಎಸ್ಎಲ್ ಕಾರ್ಡು, ನೋಟ್‌ಬುಕ್ ಇವೆ. ಹೇಗೆ ಇಡುವುದು?

ಕಾರ್ಡಿಗಿಂತ ಮೊದಲು ನೋಟ್‌ಬುಕ್ ಬಗ್ಗೆ ಹೇಳುತ್ತೇನೆ. ಕಾರ್ಡ್ ಚಂದ ಕಾಣುತ್ತದೆ ಅಂತ ಜನ ಅದನ್ನು ಇಟ್ಟುಕೊಳ್ಳುತ್ತಾರೆ, ನೋಟ್‌ಬುಕ್ಕನ್ನು ರದ್ದಿಗೆ ಹಾಕುತ್ತಾರೆ. ನನ್ನ ಪ್ರಕಾರ ನೋಟ್‌ಬುಕ್ ದೊಡ್ಡದು.

ಹಳೆಯ ಒಂದು ನೋಟ್‌ಬುಕ್ಕಿನ ಪುಟ ಹೀಗಿತ್ತು. ಸ್ಕೇಲ್ ಇಟ್ಟು ಎಳೆದ ಕೆಂಪು ಗೆರೆ. ತಾರೀಖು, ಸಮಯ, ಫ್ರೀಕ್ವೆನ್ಸಿ, ಸ್ಟೇಷನ್, ಕೊನೆಗೆ 34333 ಅನ್ನುವಂಥ ಐದು ಅಂಕಿ. ಸಮಯ ಗ್ರೀನಿಚ್ ಲೆಕ್ಕದ್ದು, ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮದು. ಐದು ಅಂಕಿ ಅಂದರೆ ಸಿನ್ಪೋ: ಸ್ಟೇಷನ್ನಿನ ಬಲ, ಬೇರೆ ಸ್ಟೇಷನ್ನಿನ ಅಡ್ಡಿ, ಗದ್ದಲ, ಏರಿಳಿತ, ಒಟ್ಟು ಹೇಗೆ ಕೇಳಿಸಿತು. ಒಂದೊಂದಕ್ಕೂ ಒಂದರಿಂದ ಐದರವರೆಗೆ, ಐದು ಅಂದರೆ ಉತ್ತಮ. ಇದೆಲ್ಲ ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಇತ್ತು. ಅಂಚಿನಲ್ಲಿ ಮಾತ್ರ ಪೆನ್ಸಿಲಿನಲ್ಲಿ ಕನ್ನಡ: "ನಳ ಬಂತು, ಅರ್ಧಕ್ಕೆ ಬಿಟ್ಟೆ." ಇನ್ನೊಂದು ಸಾಲಿನ ಪಕ್ಕ: "ರಾತ್ರಿ ಪಾಳಿ ಮುಗಿಸಿ." ಯಾವ ಸ್ಟೇಷನ್ನಿನ ಕಪಾಟಿನಲ್ಲೂ ಈ ಎರಡು ಸಾಲು ಸಿಗುವುದಿಲ್ಲ. ಆದ್ದರಿಂದ ಸ್ಕ್ಯಾನ್ ಮಾಡುವಾಗ ಅಂಚು ಕತ್ತರಿಸಬೇಡಿ. ಖಾಲಿ ಪುಟವನ್ನೂ, ಹಿಂದಿನ ರಟ್ಟನ್ನೂ ಸೇರಿಸಿ.

ಕಾರ್ಡನ್ನು ಎರಡೂ ಬದಿ ಸ್ಕ್ಯಾನ್ ಮಾಡಿ, 600 ಡಿಪಿಐ ಇರಲಿ. ಅಂಚೆಚೀಟಿ ಕೀಳಬೇಡಿ, ಅದರ ಮೇಲಿನ ಮೊಹರೇ ತಾರೀಖಿನ ಸಾಕ್ಷಿ. ಲ್ಯಾಮಿನೇಷನ್ ಬೇಡವೇ ಬೇಡ. ಸೆಲೋಟೇಪ್ ಬೇಡ, ಅಂಟು ಇರುವ ಆಲ್ಬಮ್ ಬೇಡ. ಮುಂಬಯಿ ಮಳೆಗಾಲದಲ್ಲಿ ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಕಾಗದ ಬೂಸ್ಟು ಹಿಡಿಯುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟು, ಪೊಟ್ಟಣ ಆಗಾಗ ಬದಲಿಸಿ.

ಮತ್ತೆ, ಕಾರ್ಡ್ ಕೈಯಲ್ಲಿ ಹಿಡಿದು ಅವರು ಮಾತಾಡುವುದನ್ನು ರೆಕಾರ್ಡ್ ಮಾಡಿ. ಮಾತಿಲ್ಲದ ಕಾರ್ಡ್ ಬರೀ ಚಿತ್ರ.

ಹಳೇ ಕ್ಯಾಸೆಟ್‌ಗಳಿವೆ. ಹಾಕಿ ನೋಡಬಹುದಾ?

ಮೊದಲು ಕಿಟಕಿ ಬೆಳಕಿನಲ್ಲಿ ಸುರುಳಿ ನೋಡಿ. ಬಿಳಿ ಪುಡಿಯಂತೆ ಏನಾದರೂ ಕಂಡರೆ ಅದು ಬೂಸ್ಟು. ಹಾಕಬೇಡಿ. ಪ್ಲೇಯರ್ ಹಾಳಾಗುತ್ತದೆ, ಮುಂದಿನ ಕ್ಯಾಸೆಟ್‌ಗೂ ಹತ್ತುತ್ತದೆ. ಟೇಪ್ ತೊಳೆದು ಕೊಡುವ ಅನುಭವಸ್ಥರಿಗೆ ಕೊಡಿ.

ಚೆನ್ನಾಗಿದ್ದರೆ ಹಿಂದಿನ ಎರಡು ಪ್ಲಾಸ್ಟಿಕ್ ಕಿವಿ ಮುರಿಯಿರಿ, ಆಗ ತಪ್ಪಿ ಮೇಲೆ ರೆಕಾರ್ಡ್ ಆಗುವುದಿಲ್ಲ. ಒಳಗೆ ಟೇಪನ್ನು ಒತ್ತುವ ಸಣ್ಣ ಫೆಲ್ಟ್ ತುಂಡು ಉದುರಿದ್ದರೆ ಸುರುಳಿಯನ್ನು ಬೇರೆ ಕ್ಯಾಸೆಟ್ ಡಬ್ಬಿಗೆ ಬದಲಾಯಿಸಬಹುದು. ಡೆಕ್ಕಿನ, ಅಂದರೆ ಕ್ಯಾಸೆಟ್ ಪ್ಲೇಯರಿನ, ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಕಂಪ್ಯೂಟರಿಗೆ ಚುಚ್ಚುವ ಅಗ್ಗದ ಪ್ಲೇಯರ್ ಬೇಡ, ಅದರ ವೇಗ ಸರಿ ಇರುವುದಿಲ್ಲ. ಒಳ್ಳೆಯ ಹಳೇ ಡೆಕ್ ಒಂದನ್ನು ಲ್ಯಾಮಿಂಗ್ಟನ್ ರೋಡಿನಲ್ಲೋ ಚೋರ್ ಬಜಾರಿನಲ್ಲೋ ಹುಡುಕಿ ರಿಪೇರಿ ಮಾಡಿಸುವುದು ಒಳ್ಳೆಯದು. 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲಾಗಿ ಇಳಿಸಿ.

ಗೊರಗೊರ ಸದ್ದನ್ನು ಮೂಲ ಫೈಲಿನಿಂದ ತೆಗೆಯಬೇಡಿ. ಕೇಳುಗರು ಕೇಳಿದ್ದೇ ಹಾಗೆ. ಆ ಏರಿಳಿತ, ಪಕ್ಕದ ಸ್ಟೇಷನ್ನಿನ ಸಿಳ್ಳೆ, ಒಂದು ಸ್ಟೇಷನ್ ಕೇಳಿಸದಂತೆ ಮಾಡಲು ಇನ್ನೊಂದು ದೇಶ ಬಿಡುತ್ತಿದ್ದ ಜಾಮಿಂಗ್ ಶಬ್ದ, ಎಲ್ಲವೂ ಆ ಕಾಲದ ದಾಖಲೆ. ಸ್ವಚ್ಛ ಮಾಡಿದ ಪ್ರತಿ ಬೇಕಿದ್ದರೆ ಬೇರೆ ಮಾಡಿಕೊಳ್ಳಿ.

ಪ್ಲೇ ಮಾಡುವಾಗ ಪೂರ್ತಿ ಕೇಳಿ. ಎಷ್ಟೋ ಜನ ರೇಡಿಯೋ ಮುಂದೆ ಟೇಪ್ ರೆಕಾರ್ಡರ್ ಇಟ್ಟು ರೆಕಾರ್ಡ್ ಮಾಡಿದ್ದರು. ಹಾಡಿನ ನಡುವೆ ತೀರಿಹೋದ ಅಜ್ಜಿ "ಊಟಕ್ಕೆ ಬಾರೋ" ಅಂತ ಕರೆದದ್ದು ಸಿಗಬಹುದು.

ಸೆಟ್ಟುಗಳನ್ನೂ ಇಟ್ಟುಕೊಳ್ಳಬೇಕಾ?

ಜಾಗ ಇದ್ದರೆ ಇಡಿ. ಇಲ್ಲದಿದ್ದರೆ ಡಯಲಿನ ಫೋಟೋ ಹತ್ತಿರದಿಂದ ತೆಗೆಯಿರಿ. ಡಯಲಿನ ಮೇಲೆ ಪೆನ್ನಿನಿಂದ ಹಾಕಿದ ಗುರುತು, ಹಿಂಬದಿಗೆ ಅಂಟಿಸಿದ ಚೀಟಿ ಬಿಡಬೇಡಿ. ಗಾಜಿನ ವಾಲ್ವ್ ಇರುವ ಹಳೇ ಸೆಟ್ ವರ್ಷಗಳಿಂದ ಮೂಲೆಯಲ್ಲಿ ಕೂತಿದ್ದರೆ ಸುಮ್ನೆ ಪ್ಲಗ್ ಹಾಕಬೇಡಿ. ಒಳಗಿನ ಕೆಪಾಸಿಟರ್ ಕೆಟ್ಟಿರುತ್ತವೆ, ಹೊಗೆ ಬರಬಹುದು. ಗೊತ್ತಿದ್ದವರಿಂದ ಪರೀಕ್ಷೆ ಮಾಡಿಸಿ.

ಒಪ್ಪಿಗೆ ಬೇಕಾ? ಕಾಪಿರೈಟ್ ಗತಿ ಏನು?

ಒಪ್ಪಿಗೆ ಬೇಕೇ ಬೇಕು, ಸ್ವಂತ ಅಪ್ಪನದ್ದಾದರೂ. ಒಂದು ಪುಟದಲ್ಲಿ ಸರಳ ಕನ್ನಡದಲ್ಲಿ ಬರೆದು ಸಹಿ ಹಾಕಿಸಿ: ಯಾರು ಕೇಳಬಹುದು, ಹೆಸರು ಹಾಕಬಹುದಾ, ಯಾವ ಭಾಗ ಬೇಡ. ತುರ್ತುಪರಿಸ್ಥಿತಿಯ ದಿನಗಳ ಬಗ್ಗೆ, ಮನೆಯ ಜಗಳದ ಬಗ್ಗೆ ಕೆಲವರು ಹೇಳಿ ಆಮೇಲೆ ಬೇಡ ಅನ್ನುತ್ತಾರೆ. ಬೇಡ ಅಂದರೆ ತೆಗೆಯಿರಿ, ವಾದ ಮಾಡಬೇಡಿ.

ರೇಡಿಯೋದಿಂದ ರೆಕಾರ್ಡ್ ಮಾಡಿದ ಕಾರ್ಯಕ್ರಮದ ವಿಷಯ ಬೇರೆ. ನಮ್ಮ ಕಾನೂನಿನಲ್ಲಿ ಪ್ರಸಾರ ಮಾಡಿದವರ ಹಕ್ಕು 25 ವರ್ಷ, ಧ್ವನಿಮುದ್ರಿಕೆಯ ಹಕ್ಕು 60 ವರ್ಷ. ಮನೆಯಲ್ಲಿ ಇಟ್ಟುಕೊಳ್ಳಲು ತೊಂದರೆಯಿಲ್ಲ. ಸಿನಿಮಾ ಹಾಡಿರುವ ಟೇಪನ್ನು ಇಡೀ ಊರಿಗೆ ಹಂಚಲು ಹೋಗಬೇಡಿ.

ಎಲ್ಲಿ ಇಟ್ಟರೆ ಉಳಿಯುತ್ತದೆ?

ಮೂರು ಪ್ರತಿ ಮಾಡಿ. ಎರಡು ಬೇರೆ ಬೇರೆ ಬಗೆಯ ಜಾಗದಲ್ಲಿರಲಿ, ಒಂದು ಬೇರೆ ಊರಿನಲ್ಲಿರಲಿ. 2005ರ ಜುಲೈ 26ರ ಮಳೆ ಕಂಡವರಿಗೆ ಬೇರೆ ಊರು ಯಾಕೆ ಅಂತ ವಿವರಿಸಬೇಕಿಲ್ಲ. ಊರಿನಲ್ಲಿರುವ ತಮ್ಮನ ಮನೆಯಲ್ಲಿ ಒಂದು ಹಾರ್ಡ್ ಡಿಸ್ಕ್ ಇಡಿ. ಎಲ್ಲರಿಗೂ ಕೇಳಿಸಲು ಒಪ್ಪಿಗೆ ಇದ್ದರೆ ಇಂಟರ್ನೆಟ್ ಆರ್ಕೈವ್ ಅನ್ನುವ ವೆಬ್‌ಸೈಟಿಗೆ ಹಾಕಬಹುದು, ಉಚಿತ. ಫೈಲಿನ ಹೆಸರಿನಲ್ಲೇ ವರ್ಷ, ಊರು, ವಿಷಯ ಇರಲಿ. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘ, ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಇಂಥ ಕಡೆ ಪ್ರತಿ ಇಡಲು ಸಾಧ್ಯವೇ ಅಂತ ಕೇಳಿ ನೋಡಿ. ಬರಹಕ್ಕೆ ಇಳಿಸಿದ ಪ್ರತಿಯನ್ನು ಕಾಗದದಲ್ಲೂ ಮುದ್ರಿಸಿ ಇಡಿ.

ನಾವು ಪುಣೆ, ಗೋವಾದಲ್ಲಿದ್ದೇವೆ. ನಮಗೂ ಇದು ಅನ್ವಯಿಸುತ್ತದಾ?

ಖಂಡಿತ. ಗೋವಾದವರ ಹತ್ತಿರವಂತೂ ಇನ್ನೆಲ್ಲೂ ಸಿಗದ ನೆನಪುಗಳಿರುತ್ತವೆ. ಪೋರ್ಚುಗೀಸರ ಕಾಲದ ಎಮಿಸೋರಾ ದೆ ಗೋವಾ ಸ್ಟೇಷನ್ 1961ರ ಡಿಸೆಂಬರಿನಲ್ಲಿ ನಿಂತುಹೋಯಿತು. ಅದಕ್ಕೆ ವಿರುದ್ಧವಾಗಿ, ಗೋವಾದ ಬಿಡುಗಡೆಗಾಗಿ, 1955ರಿಂದ ವಾಮನ್ ಸರದೇಸಾಯಿ ಮತ್ತು ಲಿಬಿಯಾ ಲೋಬೋ ಕಾಡಿನೊಳಗಿಂದ ಗುಪ್ತ ರೇಡಿಯೋ ನಡೆಸಿದರು. ಮೊದಲು ಅಂಬೋಲಿ ಕಡೆ, ಆಮೇಲೆ ನಮ್ಮ ಕ್ಯಾಸಲ್‌ರಾಕ್ ಕಾಡಿನಲ್ಲಿ. ಕಾರವಾರ, ಜೋಯಿಡಾ ಕಡೆಯಿಂದ ಹೋಗಿ ಗೋವಾದಲ್ಲಿ ನೆಲೆಸಿದ ಮನೆಗಳಲ್ಲಿ ಅದನ್ನು ಚಿಕ್ಕವರಿದ್ದಾಗ ಕೇಳಿದವರು ಇರಬಹುದು. ಇದ್ದರೆ ಮೊದಲು ಅವರ ಹತ್ತಿರ ಹೋಗಿ.

ಕೇಳುಗರು ತೀರಿಕೊಂಡಿದ್ದಾರೆ. ಇನ್ನೇನು ಮಾಡಬಹುದು?

ಪೆಟ್ಟಿಗೆ ಖಾಲಿ ಮಾಡಬೇಡಿ. ಯಾವ ಕಾರ್ಡ್ ಯಾವ ಲಕೋಟೆಯಲ್ಲಿತ್ತೋ ಅದರಲ್ಲೇ ಇರಲಿ. ಲೈಸೆನ್ಸ್ ಪುಸ್ತಕ ಸಿಕ್ಕರೆ ವಿಳಾಸ, ವರ್ಷ ಎರಡೂ ಗೊತ್ತಾಗುತ್ತವೆ. ಅವರ ಜೊತೆ ಕೂತು ಕೇಳಿದವರು, ಅದೇ ಚಾಳಿನವರು, ರಾತ್ರಿ ಶಾಲೆಯ ಗೆಳೆಯರು ಯಾರಾದರೂ ಇದ್ದೇ ಇರುತ್ತಾರೆ. ಮಕ್ಕಳಾದ ನಿಮ್ಮ ನೆನಪೂ ಲೆಕ್ಕಕ್ಕೆ ಬರುತ್ತದೆ. ಅಪ್ಪ ರೇಡಿಯೋ ಮುಂದೆ ಕೂತಾಗ ನಿಮಗೆ ಏನು ಮಾಡಬಾರದು ಅಂತ ಹೇಳುತ್ತಿದ್ದರು, ಅಲ್ಲಿಂದ ಶುರು ಮಾಡಿ.

ಈಗಲೂ ಶಾರ್ಟ್‌ವೇವ್ ಸಿಗುತ್ತದಾ?

ಸಿಗುತ್ತದೆ, ಮೊದಲಿನಷ್ಟಿಲ್ಲ. ರೇಡಿಯೋ ನೆದರ್ಲೆಂಡ್ಸ್ 2012ರಲ್ಲಿ, ರೇಡಿಯೋ ಆಸ್ಟ್ರೇಲಿಯಾ 2017ರ ಜನವರಿಯಲ್ಲಿ ಶಾರ್ಟ್‌ವೇವ್ ಬಿಟ್ಟವು. ಬಿಬಿಸಿ ಹಿಂದಿಯ ಶಾರ್ಟ್‌ವೇವ್ 2020ರ ಜನವರಿ 31ಕ್ಕೆ ನಿಂತಿತು. ಜೊತೆಗೆ ಎಲ್‌ಇಡಿ ಬಲ್ಬ್, ಚಾರ್ಜರ್, ಇನ್ವರ್ಟರ್ ಗದ್ದಲ ಬೇರೆ. ಹಿರಿಯರಿಗೆ ಕೇಳಿಸಬೇಕು ಅಂತಿದ್ದರೆ ಬ್ಯಾಟರಿಯಲ್ಲಿ ಓಡುವ ಸಣ್ಣ ಸೆಟ್ ಹಿಡಿದು ಸಂಜೆ ಹೊತ್ತು ಟೆರೇಸಿಗೋ ಮೈದಾನಕ್ಕೋ ಕರೆದುಕೊಂಡು ಹೋಗಿ. ರೆಕಾರ್ಡರ್ ಮರೆಯಬೇಡಿ.